ಒಬ್ಬಳನ್ನು ಬೇಡವೆನ್ನುವ ಹಕ್ಕು

ಮಹಿಳಾ ಅಭ್ಯರ್ಥಿಯನ್ನು ಸೋಲಿಸಿ ಎಂದು ಮಹಿಳೆಯರೇ ವಾಟ್ಸಾಪ್‌ನಲ್ಲಿ ಒಗ್ಗೂಡಿದರೆ ಸಿದ್ಧವಾದ ಉತ್ತರವೊಂದಿದೆ: ಹೆಣ್ಣಿಗೆ ಹೆಣ್ಣೇ ಶತ್ರು. ಕಲ್ಯಾಣ, ಡೊಂಬಿವಲಿಯಲ್ಲಂತೂ ಈ ಮಾತು ಯಾವತ್ತೋ ಸವೆದುಹೋಗಬೇಕಿತ್ತು. ಮಹಾರಾಷ್ಟ್ರ 2011ರಲ್ಲೇ ಸ್ಥಳೀಯ ಸಂಸ್ಥೆಗಳ ಅರ್ಧ ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. ಮೀಸಲು ವಾರ್ಡಿನಲ್ಲಿ ನಿಂತವರೆಲ್ಲ ಹೆಂಗಸರೇ. ಒಬ್ಬಳಿಗೆ ಮತ ಹಾಕುವುದೆಂದರೆ ಉಳಿದವರನ್ನು ಬೇಡವೆನ್ನುವುದೇ.

ಕಲ್ಯಾಣ ಪೂರ್ವವನ್ನೇ ನೋಡಿ. ಶಾಸಕ ಗಣಪತ್ ಗಾಯಕ್ವಾಡ್ 2024ರ ಫೆಬ್ರವರಿಯಲ್ಲಿ ಉಲ್ಲಾಸನಗರದ ಪೊಲೀಸ್ ಠಾಣೆಯೊಳಗೇ ಗುಂಡು ಹಾರಿಸಿದ ಆರೋಪದಲ್ಲಿ ಬಂಧಿತರಾದರು. ನವೆಂಬರಿನ ಚುನಾವಣೆಗೆ ಬಿಜೆಪಿ ಅವರ ಪತ್ನಿ ಸುಲಭಾ ಅವರನ್ನು ನಿಲ್ಲಿಸಿತು, ಅವರು ಗೆದ್ದರು. ಈ ಟಿಕೆಟ್ ಯಾವ ದಾರಿಯಲ್ಲಿ ಬಂತು ಎಂದು ಅಲ್ಲಿನ ಮತದಾರಳು ಕೇಳಿದರೆ ಅದು ಹೆಣ್ಣುದ್ವೇಷ ಹೇಗಾದೀತು? ಸೀರೆ, ಮೈಬಣ್ಣ, ಸಂಸಾರ ಹಿಡಿದು ಆಡಿಕೊಂಡರೆ ಮಾತ್ರ ಹೌದು; ಆ ಚಟ ಹೆಂಗಸರ ಗುಂಪುಗಳಲ್ಲೂ ಕಡಿಮೆಯಿಲ್ಲ. 2008ರಲ್ಲಿ ಸಾರಾ ಪೇಲಿನ್ ವಿರುದ್ಧ ಇಮೇಲ್ ಮೂಲಕ ಒಂದಾದ ಅಮೆರಿಕದ ಮಹಿಳೆಯರ ತಕರಾರು ಗರ್ಭಪಾತದಂಥ ವಿಷಯಗಳಲ್ಲಿ ಆಕೆಯ ನಿಲುವಿನ ಬಗ್ಗೆ ಇತ್ತು.

2024ರಲ್ಲೇ ನವಿ ಮುಂಬೈಯ ಬೇಲಾಪುರದಲ್ಲಿ ಮಂದಾ ಮ್ಹಾತ್ರೆ ಗೆದ್ದದ್ದು 377 ಮತಗಳಿಂದ. ಅಷ್ಟು ಮತದಾರರು ಒಂದು ದೊಡ್ಡ ಹೌಸಿಂಗ್ ಸೊಸೈಟಿಯಲ್ಲೇ ಸಿಗುತ್ತಾರೆ.