ಮೊದಲು ಕಾಡಿನ ಲೆಕ್ಕ ಸರಿಪಡಿಸಿ: ಅರಣ್ಯವಾಸಿಗಳ ಮತ್ತು ಸಣ್ಣ ಬೆಳೆಗಾರರ ಹಕ್ಕೊತ್ತಾಯ ಪತ್ರ

ಗೆ,
ಮಾನ್ಯ ಸಚಿವರು, ಕೇಂದ್ರ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯ, ನವದೆಹಲಿ

ಮಾನ್ಯರೇ,

2030ರೊಳಗೆ ಜಗತ್ತಿನ ಅರಣ್ಯ ಪ್ರದೇಶವನ್ನು ಶೇ. 3ರಷ್ಟು, ಅಂದರೆ ಸುಮಾರು 12 ಕೋಟಿ ಹೆಕ್ಟೇರ್ ಹೆಚ್ಚಿಸುವ ಯೋಜನೆಗೆ ವಿಶ್ವಸಂಸ್ಥೆ 2017ರಲ್ಲಿ ಒಪ್ಪಿಗೆ ಕೊಟ್ಟಿದೆ. ಗುರಿಗೆ ನಮ್ಮ ತಕರಾರಿಲ್ಲ. ತಕರಾರಿರುವುದು ಅಳತೆಗೋಲಿನ ಬಗ್ಗೆ. ಆದ್ದರಿಂದ ಒತ್ತಾಯಿಸುತ್ತೇವೆ:

1. ನೆಡುತೋಪನ್ನು ಕಾಡಿನ ಲೆಕ್ಕದಿಂದ ಬೇರೆ ಮಾಡಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ವ್ಯಾಖ್ಯೆಯಲ್ಲಿ ರಬ್ಬರ್ ತೋಟವೂ ಕಾಡೇ. ನಮ್ಮ ಭಾರತೀಯ ಅರಣ್ಯ ಸರ್ವೇಕ್ಷಣೆಯಂತೂ ಒಂದು ಹೆಕ್ಟೇರ್ ಜಾಗದಲ್ಲಿ ಶೇ. 10ರಷ್ಟು ಮರದ ನೆರಳಿದ್ದರೆ ಸಾಕು, ಹಣ್ಣಿನ ತೋಪನ್ನೂ ಅರಣ್ಯ ಹೊದಿಕೆಗೆ ಸೇರಿಸಿಬಿಡುತ್ತದೆ. ಮಲೆನಾಡಿನ ಅಕೇಶಿಯಾ ನೆಡುತೋಪಿಗೆ ಒಮ್ಮೆ ಬಂದು ನೋಡಿ: ಕಾಲಿಟ್ಟಲ್ಲೆಲ್ಲ ಬೇಗ ಕೊಳೆಯದ ಒಣ ದರಗು, ದನಕ್ಕೆ ಹುಲ್ಲಿಲ್ಲ. ಉಪ್ಪಾಗೆ, ಮುರುಗಲು, ವಾಟೆ ಬಿಡುವ ಕಾಡನ್ನೂ ಇದನ್ನೂ ಒಂದೇ ಸಾಲಿನಲ್ಲಿ ಬರೆಯುವುದು ಲೋಕದ ಕಣ್ಣಿಗೆ ಮಣ್ಣೆರಚುವ ಕೆಲಸ.

2. 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಕಾಡಿನ ನಿರ್ವಹಣೆ ಗ್ರಾಮಸಭೆಯ ಕೈಗೆ ಬರಲಿ. ಬಿಳಿಗಿರಿರಂಗನ ಬೆಟ್ಟ ಹುಲಿ ಮೀಸಲು ಪ್ರದೇಶವಾದ 2011ರಲ್ಲೇ ಅಲ್ಲಿನ ಸೋಲಿಗ ಆದಿವಾಸಿಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಪತ್ರ ಸಿಕ್ಕರೆ ಸಾಲದು, ಅವರ ಮಾತೂ ನಡೆಯಬೇಕು. ಬೇಸಿಗೆ ಬಲಿಯುವ ಮೊದಲೇ ಹಿರಿಯರು ಹಾಕುತ್ತಿದ್ದ ತರಗು ಬೆಂಕಿ ನೆಲಮಟ್ಟದ ಸಣ್ಣ ಉರಿ. ಅದನ್ನು ನಿಷೇಧಿಸಿದ ಮೇಲೆಯೇ ಲಂಟಾನ ಕಳೆ ಕಾಡನ್ನು ನುಂಗಿತು ಎನ್ನುತ್ತಾರೆ ಸೋಲಿಗರು. ಆಯ್ದ ಜಾಗಗಳಲ್ಲಿ ಇಲಾಖೆ, ವಿಜ್ಞಾನಿಗಳು, ಪೋಡಿನ (ಸೋಲಿಗರ ಹಾಡಿಯ) ಹಿರಿಯರು ಸೇರಿ ಈ ತರಗು ಬೆಂಕಿಯನ್ನು ಪರೀಕ್ಷಿಸಲಿ.

3. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿಯನ್ನು ಒಳಗೆ ಬಿಡಕೂಡದು ಎನ್ನುತ್ತದೆ ಐರೋಪ್ಯ ಒಕ್ಕೂಟದ 2023ರ ನಿಯಮ. ಆಶಯ ಒಳ್ಳೆಯದೇ. ಆದರೆ ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಯುವುದು ಮರದ ನೆರಳಿನಲ್ಲಿ. ಮರಗಸಿ ಮಾಡಿದ, ಅಂದರೆ ನೆರಳು ಮರದ ಕೊಂಬೆ ಸವರಿದ, ತೋಟವನ್ನು ಉಪಗ್ರಹದ ಚಿತ್ರ ನೋಡಿ ಕಡಿದ ಕಾಡೆಂದು ಬರೆದುಕೊಂಡರೆ ಬೆಳೆಗಾರ ಯಾರ ಬಾಗಿಲು ತಟ್ಟಬೇಕು? ಆ ನಿಯಮ ಕೇಳುವಂತೆ ತೋಟದ ಅಕ್ಷಾಂಶ ರೇಖಾಂಶ ಗುರುತಿಸುವ ಖರ್ಚನ್ನು ಸರ್ಕಾರ ಭರಿಸಲಿ, ತಕರಾರು ಕೇಳುವ ಅಧಿಕಾರಿಯನ್ನು ತಾಲ್ಲೂಕು ಮಟ್ಟದಲ್ಲೇ ನೇಮಿಸಲಿ.

4. ಪರಿಹಾರಾತ್ಮಕ ಅರಣ್ಯೀಕರಣ ನಿಧಿಯಿಂದ ಒಂದು ಸಸಿ ನೆಡುವುದಕ್ಕೂ ಗ್ರಾಮಸಭೆಯ ಒಪ್ಪಿಗೆ ಕಡ್ಡಾಯವಾಗಲಿ.

5. ವಿಶ್ವಸಂಸ್ಥೆಗೆ ಕಳಿಸುವ ಅರಣ್ಯ ವರದಿಯ ಕರಡು ಮೊದಲು ಕನ್ನಡದಲ್ಲಿ ನಮ್ಮ ಕೈಸೇರಲಿ.

ಮುಂದಿನ ವರದಿ ಸಲ್ಲಿಸುವ ಮುನ್ನ ಈ ಐದು ಬೇಡಿಕೆಗಳಿಗೂ ಲಿಖಿತ ಉತ್ತರ ಕೊಡಬೇಕೆಂದು ಆಗ್ರಹಿಸುತ್ತೇವೆ.