ಅ ಆ ಇ ಈ ಬಾರದ ಹುಡುಗಿ

ಹೋದ ತಿಂಗಳು ಒಂದು ಬೆಳಗ್ಗೆ, ಮಕ್ಕಳಿಗೆ ಹಾಲು ಕೊಡೋ ಹೊತ್ತಿಗೆ ಸರಿಯಾಗಿ, ಒಂದನೇ ತರಗತಿ ಹುಡುಗಿಯ ಅಪ್ಪ ಹೆಲ್ಮೆಟ್ ಕೈಯಲ್ಲಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದರು. ಗಾರೆ ಕೆಲಸದವರು. ಕೆಲಸದ ದಿನ ಅವರು ಶಾಲೆ ಕಡೆ ಬಂದಿದ್ದನ್ನು ನಾನು ನೋಡಿರಲೇ ಇಲ್ಲ.

“ಟಿ.ಸಿ. ಕೊಟ್ಬಿಡಿ ಮೇಡಂ.”

ನಮ್ಮದು ಒಂದರಿಂದ ಐದರವರೆಗಿನ ಸರ್ಕಾರಿ ಶಾಲೆ. ಮಕ್ಕಳು 27, ಶಿಕ್ಷಕರು ಇಬ್ಬರು, ಅದರಲ್ಲಿ ಒಬ್ಬಳು ಎಚ್‌ಎಂ ಆದ ನಾನೇ. ಇಂಥ ಶಾಲೆಯಲ್ಲಿ ಟಿ.ಸಿ. ಅನ್ನೋ ಮಾತು ಕಿವಿಗೆ ಬಿದ್ದರೆ ಎದೆ ಧಸಕ್ ಅನ್ನುತ್ತೆ. ಸಂಖ್ಯೆ ಇಳಿದರೆ ನಮ್ಮಿಬ್ಬರಲ್ಲಿ ಒಬ್ಬರು ‘ಹೆಚ್ಚುವರಿ’ ಆಗಿ ಬೇರೆ ಊರಿಗೆ ಹೋಗಬೇಕಾಗಬಹುದು. ಹಾಗಾಗಿ ಮೊದಲು ನೆನಪಾಗಿದ್ದು ಆ ಮಗು ಅಲ್ಲ, ನನ್ನ ಹಾಜರಿ ಪುಸ್ತಕ. ಸುಳ್ಳು ಯಾಕೆ ಹೇಳಲಿ.

ಯಾಕೆ ಅಂತ ಕೇಳಿದೆ. ನೆಂಟರ ಮನೆಯ ಗೃಹಪ್ರವೇಶದಲ್ಲಿ ಯಾರೋ “ಎಲ್ಲಿ ಪುಟ್ಟಿ, ಅ ಆ ಇ ಈ ಹೇಳು” ಅಂದಿದ್ದಾರೆ. ಇವಳು ಎದ್ದು ನಿಂತು, ಕೈ ಕಟ್ಟಿ, “ರ, ಗ, ಸ, ದ, ಅ” ಅಂದಿದ್ದಾಳೆ. ಎಲ್ಲರೂ ಗೊಳ್ಳೆಂದು ನಕ್ಕಿದ್ದಾರೆ. ಪಕ್ಕದಲ್ಲೇ ಇದ್ದ ಕಾನ್ವೆಂಟಿನ ಹುಡುಗ ಎ ಇಂದ ಝಡ್ ತನಕ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡ. ಅವತ್ತಿಂದ ಮನೇಲಿ ಪುಸ್ತಕ ಮುಟ್ಟಲ್ವಂತೆ ಹುಡುಗಿ.

ನೀವೂ ನಕ್ಕಿರಬಹುದು. ನಗುವವರಿಗೆ ಗೊತ್ತಿಲ್ಲದ ವಿಷಯ ಏನಂದರೆ, ಅವಳು ಹೇಳಿದ್ದು ಸರಿಯೇ. ನಮ್ಮ ನಲಿ-ಕಲಿ ತರಗತಿಯಲ್ಲಿ ಅಕ್ಷರ ಶುರುವಾಗೋದೇ ಹಾಗೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ, ಆಂಧ್ರದ ರಿಷಿ ವ್ಯಾಲಿಯ ಪ್ರಯೋಗ ನೋಡಿಕೊಂಡು ಬಂದ ಶಿಕ್ಷಕರು ಹುಟ್ಟುಹಾಕಿದ ಪದ್ಧತಿ ಇದು. ಈಗ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದರಿಂದ ಮೂರರವರೆಗಿನ ಮಕ್ಕಳು ಹೀಗೇ ಕಲಿಯೋದು.

ಒಂದು ಸಣ್ಣ ಲೆಕ್ಕ ಮಾಡಿ. ಅ ಆ ಇ ಈ ಉ ಊ ಕಲಿತ ಮಗು ಎಷ್ಟು ಪದ ಓದಬಲ್ಲದು? ‘ಆ’, ‘ಈ’ ಬಿಟ್ಟರೆ ಹೆಚ್ಚೇನೂ ಇಲ್ಲ. ಕನ್ನಡದಲ್ಲಿ ಸ್ವರಾಕ್ಷರ ಪದದ ಮೊದಲಲ್ಲಿ ಬಂದರೆ ಬಂತು, ನಡುವೆ ಬರುವಾಗ ಕಾಗುಣಿತವಾಗಿ ವೇಷ ಬದಲಿಸಿಬಿಡುತ್ತೆ. ಅದೇ ರ ಗ ಸ ದ ಅ ಕಲಿತ ಮಗು ಸರ, ದರ, ಅರಸ, ಅಗಸ, ದಸರ ಎಲ್ಲಾ ಓದುತ್ತೆ. ಐದೇ ಅಕ್ಷರಕ್ಕೆ! ಬರೆಯೋಕೂ ದುಂಡಗೆ, ಸುಲಭ. ವರ್ಣಮಾಲೆಯ ಕ್ರಮ ಬೇಡವೇ ಅಂದರೆ ಬೇಕು, ನಿಘಂಟು ನೋಡೋಕಾದರೂ ಬೇಕು. ಅದನ್ನು ಆಮೇಲೆ ಹೇಳಿಕೊಡ್ತೀವಿ.

ಇಷ್ಟನ್ನೂ ಆ ಅಪ್ಪನ ಮುಂದೆ ತರಬೇತಿಯಲ್ಲಿ ಹೇಳೋ ಹಾಗೆ ಒದರಿದೆ. ಅವರು ನೆಲ ನೋಡ್ತಾ ನಿಂತಿದ್ದರು. ಕೊನೆಗೆ ಹುಡುಗಿಯನ್ನೇ ಕರೆಸಿ, ಬೋರ್ಡ್ ಮೇಲೆ ‘ಅರಸ’ ಅಂತ ಬರೆದು “ಓದು ಪುಟ್ಟಾ” ಅಂದೆ. ಹಿಂದಿನ ದಿನವಷ್ಟೇ ಪಟಪಟ ಓದಿದ್ದವಳು. ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು. ತುಟಿಯ ಮೇಲಿನ ಹಾಲು ಒರೆಸಿಕೊಂಡಳು. ಬಾಯಿ ಬಿಡಲಿಲ್ಲ.

“ನೋಡಿದ್ರಾ ಮೇಡಂ” ಅಂದರು ಅವರು, ಜೋರಾಗಿ ಅಲ್ಲ. “ನಾನು ಮೂರನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು. ಆದ್ರೂ ನಂಗೆ ಬರುತ್ತೆ.” ಅಂದವರೇ ಅ ಇಂದ ಳ ತನಕ ಒಂದೇ ಉಸಿರಲ್ಲಿ ಹೇಳಿದರು. ಒಂದಕ್ಷರ ತಪ್ಪಲಿಲ್ಲ.

ಸರಿ, ಅರ್ಜಿ ಬರೆದುಕೊಡಿ ಅಂತ ಹಾಳೆ, ಪೆನ್ನು ಮುಂದಿಟ್ಟೆ. ಪೆನ್ನು ಮುಟ್ಟಲಿಲ್ಲ. “ನೀವೇ ಬರ್ಕೊಳ್ಳಿ ಮೇಡಂ, ಸೈನ್ ಹಾಕ್ತೀನಿ. ಓದೋದು ಬರಿಯೋದು ನಂಗೆ ಅಷ್ಟಕ್ಕಷ್ಟೆ.”

ಆ ಕ್ಷಣ ಒಂದು ಮಾತು ಹೇಳಿ ವಾದ ಗೆಲ್ಲಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು. ಮಗಳು ಅಲ್ಲೇ ಇದ್ದಳು, ಒಂದು ಸಲ ಎಲ್ಲರ ಮುಂದೆ ನಗೆಪಾಟಲಾದ ಮನೆ ಅದು. ಸುಮ್ಮನಾದೆ. ಅರ್ಜಿ ನಾನೇ ಬರೆದೆ, ಅವರು ಸಹಿ ಹಾಕಿದರು. ಒಂದು ವಾರ ಟೈಮ್ ಕೊಡಿ ಅಂತ ಮಾತ್ರ ಕೇಳಿಕೊಂಡೆ.

ನಿಜಕ್ಕೂ ತಪ್ಪು ನಮ್ಮದೇ. ಜೂನ್‌ನಲ್ಲಿ ಪೋಷಕರ ಸಭೆ ಮಾಡಿದಾಗ ಆಧಾರ್, ಬ್ಯಾಂಕ್ ಖಾತೆ, ಮೊಟ್ಟೆ-ಬಾಳೆಹಣ್ಣು, ಯೂನಿಫಾರ್ಮ್ ಅಂತ ಒಂದೂವರೆ ಗಂಟೆ ಮಾತಾಡಿದ್ದೆ. ನಿಮ್ಮ ಮಗು ಮನೆಗೆ ಬಂದು ‘ರ’ ಅಂತ ಯಾಕೆ ಶುರು ಮಾಡುತ್ತೆ ಅನ್ನೋದನ್ನು ಒಂದು ನಿಮಿಷವೂ ಹೇಳಿರಲಿಲ್ಲ. ಇಷ್ಟು ವರ್ಷದ ಸರ್ವಿಸ್‌ನಲ್ಲಿ ಯಾವ ಸಭೆಯಲ್ಲೂ ಹೇಳಿದ ನೆನಪಿಲ್ಲ.

ಅವತ್ತು ಸಂಜೆ ಹಳೇ ಲಗ್ನಪತ್ರಿಕೆ ಕತ್ತರಿಸಿ, ಹಿಂದೆ ಒಂದೊಂದು ಅಕ್ಷರ ಬರೆದು, ಐದು ಚೀಟಿ ಅವಳ ಬ್ಯಾಗಿಗೆ ಹಾಕಿದೆ. “ಮನೇಲಿ ಜೋಡಿಸಿ ಆಡು. ಯಾರಿಗೂ ಓದಿ ತೋರಿಸ್ಬೇಡ, ಆಯ್ತಾ?” ಅಂದೆ. ಮಾರನೇ ದಿನ ಒಂದನೇ ತರಗತಿಯ ಉಳಿದ ಮಕ್ಕಳಿಗೂ ಕೊಟ್ಟೆ.

ಸೋಮವಾರ ಮತ್ತೆ ಹೆಲ್ಮೆಟ್ ಬಾಗಿಲಲ್ಲಿ. ಟಿ.ಸಿ. ಪುಸ್ತಕ ತೆಗೆಯೋಕೆ ಬೀರು ಕಡೆ ಹೊರಟೆ.

“ಒಂದು ‘ಗ’ ಕಮ್ಮಿ ಬಿದ್ದಿದೆ ಮೇಡಂ.”

ಅರ್ಥವಾಗಲಿಲ್ಲ. “ಗದಗ ಆಗ್ಬೇಕು ಅಂದ್ರೆ ಎರಡು ‘ಗ’ ಬೇಕಲ್ವಾ. ನೀವು ಒಂದೇ ಕೊಟ್ಟಿದ್ದೀರಿ.”

“ಗದಗ ಯಾಕೆ?”

“ಅಲ್ಲಿ ಎರಡು ವರ್ಷ ಬಿಲ್ಡಿಂಗ್ ಕೆಲಸಕ್ಕಿದ್ದೆ. ಬಸ್ ಬೋರ್ಡ್ ಯಾರನ್ನಾದ್ರೂ ಕೇಳೇ ಹತ್ತಬೇಕಿತ್ತು.”

ಇನ್ನೊಂದು ‘ಗ’ ಬರೆದೆ. ಮುಂದಿನ ಐದು, ಜ ವ ಮ ಬ ನ, ಅವನ್ನೂ ಕೊಡ್ಲಾ ಅಂದೆ. ಕೊಡಿ ಅಂದರು.

“ಮಗಳಿಗಾ?”

“ಹೂಂ, ಅವ್ಳಿಗೇ” ಅಂದು ಚೀಟಿಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಗಾಡಿ ಸ್ಟಾರ್ಟ್ ಮಾಡಿದರು.

ಮುಂದಿನ ವರ್ಷ ಇಂಗ್ಲಿಷ್ ಬೇಕು ಅಂತ ಕರ್ಕೊಂಡು ಹೋದರೂ ಹೋಗಬಹುದು. ಟಿ.ಸಿ. ಅರ್ಜಿ ಇನ್ನೂ ನನ್ನ ಟೇಬಲ್ಲಿನ ಡ್ರಾದಲ್ಲೇ ಇದೆ. ಅವರು ಕೇಳಿಲ್ಲ, ನಾನೂ ತೆಗೆದಿಲ್ಲ.