‘ಹಿಂದೆ’ ಇದ್ದವಳಲ್ಲ ಲಿಲ್

‘ಪ್ರತಿಯೊಬ್ಬ ಯಶಸ್ವಿ ಪುರುಷನ ಹಿಂದೆ ಒಬ್ಬ ಸ್ತ್ರೀ ಇರುತ್ತಾಳೆ’ ಎಂಬ ಮಾತನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಬೀಳ್ಕೊಡುಗೆ ಸಮಾರಂಭವಿರಲಿ, ಷಷ್ಟ್ಯಬ್ದಿ ಇರಲಿ, ಅಭಿನಂದನ ಗ್ರಂಥದ ಬಿಡುಗಡೆ ಇರಲಿ, ಯಾರಾದರೊಬ್ಬರು ಎದ್ದು ನಿಂತು ಇದನ್ನು ಹೇಳದೆ ಬಿಡುವುದಿಲ್ಲ. ಸಭೆ ಚಪ್ಪಾಳೆ ತಟ್ಟುತ್ತದೆ. ಮುಂದಿನ ಸಾಲಿನಲ್ಲಿ ಕೂತ ಆಕೆ ಸೆರಗು ಸರಿಪಡಿಸಿಕೊಂಡು ಮುಗುಳ್ನಗುತ್ತಾಳೆ. ಹೊಗಳಿಕೆಯಂತೆ ಕಾಣುವ ಈ ಮಾತು ನಿಜಕ್ಕೂ ಒಂದು ಮೋಸ ಎನ್ನುವುದು ನನ್ನ ವಾದ. ಅವಳು ಹಿಂದೆ ಇದ್ದಳೋ, ಪಕ್ಕದಲ್ಲಿದ್ದಳೋ, ಕೆಲವೊಮ್ಮೆ ಮುಂದೆಯೇ ಇದ್ದಳೋ ಎಂದು ಯಾರೂ ವಿಚಾರಿಸಲು ಹೋಗುವುದಿಲ್ಲ.

ಇದಕ್ಕೆ ಉದಾಹರಣೆಯನ್ನು ನಮ್ಮ ಮನೆಗಳಿಂದಲೇ ಕೊಡಬಹುದಿತ್ತು. ಆದರೆ ಮನೆಯ ಕೆಲಸಕ್ಕೆ ಸಾಕ್ಷಿ ಇರುವುದಿಲ್ಲ. ಹಾಗಾಗಿ ಸಾಕ್ಷಿ ಇರುವ ಕಡೆಗೇ ಹೋಗೋಣ. ಸಾಕ್ಷಿ ಎಂದರೆ ಗ್ರಾಮಫೋನ್ ರೆಕಾರ್ಡು. ಸಂಗೀತ ಜಾಜ್. ಊರು ಅಮೆರಿಕದ ಷಿಕಾಗೊ. ಹೆಂಗಸು ಲಿಲ್ ಹಾರ್ಡಿನ್.

ಲೂಯಿ ಆರ್ಮ್‌ಸ್ಟ್ರಾಂಗ್ ಹೆಸರನ್ನು ನೀವು ಕೇಳಿರುತ್ತೀರಿ. ಕೆನ್ನೆ ಉಬ್ಬಿಸಿ ಟ್ರಂಪೆಟ್ ಊದುವ, ಒರಟು ದನಿಯಲ್ಲಿ ಹಾಡುವ, ಬಾಯ್ತುಂಬ ನಗುವ ಕಲಾವಿದ. ಲಿಲ್ ಹೆಸರು ಕೇಳಿದ್ದೀರಾ? ಕೇಳಿದ್ದರೆ ‘ಲೂಯಿಯ ಎರಡನೇ ಹೆಂಡತಿ, ಅವನನ್ನು ಮುಂದಕ್ಕೆ ತಂದವಳು’ ಎಂದಷ್ಟೇ ಕೇಳಿರುತ್ತೀರಿ.

ಲಿಲ್ ಹುಟ್ಟಿದ್ದು 1898ರಲ್ಲಿ, ಮೆಂಫಿಸ್ ಎಂಬ ಊರಿನ ಕಪ್ಪು ಜನರ ಕುಟುಂಬದಲ್ಲಿ. ಅಜ್ಜಿ ಗುಲಾಮಗಿರಿ ಕಂಡವಳು. ತಾಯಿ ದೈವಭಕ್ತೆ. ಜಾಜ್, ಬ್ಲೂಸ್ ಎಂದರೆ ಸೈತಾನನ ಸಂಗೀತ ಎಂದು ನಂಬಿದ್ದ ಹೆಂಗಸು. ಮಗಳು ಚರ್ಚಿನಲ್ಲಿ ಆರ್ಗನ್ ನುಡಿಸಿದಳು, ಪಿಯಾನೋ ಕಲಿತಳು, ಫಿಸ್ಕ್ ವಿಶ್ವವಿದ್ಯಾಲಯಕ್ಕೂ ಹೋಗಿಬಂದಳು. 1918ರಲ್ಲಿ ಕುಟುಂಬ ಷಿಕಾಗೊಗೆ ಬಂದಿತು. ಅಲ್ಲಿ ಒಂದು ಸಂಗೀತದ ಅಂಗಡಿಯಲ್ಲಿ, ಗಿರಾಕಿಗಳು ಕೇಳಿದ ಹಾಡನ್ನು ಸ್ವರಲಿಪಿ ನೋಡಿ ನುಡಿಸಿ ತೋರಿಸುವ ಕೆಲಸ ಸಿಕ್ಕಿತು. ಆಕೆಯೇ ಹೇಳಿಕೊಂಡಂತೆ ಸಂಬಳ ವಾರಕ್ಕೆ 3 ಡಾಲರ್. ಸ್ವಲ್ಪ ದಿನಕ್ಕೆ ನ್ಯೂ ಆರ್ಲಿಯನ್ಸ್‌ನಿಂದ ಬಂದ ವಾದ್ಯತಂಡವೊಂದು ವಾರಕ್ಕೆ 27 ಡಾಲರ್ 50 ಸೆಂಟ್ ಕೊಟ್ಟು ಕರೆದುಕೊಂಡಿತು. ತಂಡದವರೆಲ್ಲ ಗಂಡಸರು, ಕೇಳಿ ಕಲಿತವರು. ಸ್ವರಲಿಪಿ ಕೊಡಿ ಎಂದರೆ ಅವರ ಬಳಿ ಇರಲೇ ಇಲ್ಲ! ಎರಡು ಸಲ ಬಡಿದಾಗ ಶುರು ಮಾಡು ಎಂದರಂತೆ. ಶುರು ಮಾಡಿದಳು.

ಮುಂದೆ ಕಿಂಗ್ ಆಲಿವರ್ ಎಂಬ ಹೆಸರಾಂತ ಕಾರ್ನೆಟ್ ವಾದಕನ ತಂಡಕ್ಕೆ ಸೇರಿದಳು. 1922ರಲ್ಲಿ ಆ ತಂಡಕ್ಕೆ ಎರಡನೇ ಕಾರ್ನೆಟ್ ನುಡಿಸಲು ಹಳ್ಳಿಗನಂತೆ ಉಡುಪು ತೊಟ್ಟ ಹುಡುಗನೊಬ್ಬ ಬಂದ. ಅವನೇ ಲೂಯಿ. ಅಂದರೆ ಲೆಕ್ಕ ಸರಿಯಾಗಿ ಇಟ್ಟುಕೊಳ್ಳಿ. ಲೂಯಿ ಷಿಕಾಗೊಗೆ ಕಾಲಿಡುವ ಹೊತ್ತಿಗೆ ಲಿಲ್ ಅಲ್ಲಿ ನೆಲೆಯಾದ ಕಲಾವಿದೆ. 1923ರ ಏಪ್ರಿಲ್‌ನಲ್ಲಿ ಆ ತಂಡ ಇಂಡಿಯಾನಾದ ರಿಚ್‌ಮಂಡ್ ಊರಿಗೆ ಹೋಗಿ ರೆಕಾರ್ಡು ಮಾಡಿತು. ಆಗ ಮೈಕು ಇಲ್ಲ, ದೊಡ್ಡ ಕಹಳೆಯ ಮುಂದೆ ನಿಂತು ನುಡಿಸಬೇಕು. ಲೂಯಿಯ ನಾದ ಎಷ್ಟು ಜೋರೆಂದರೆ ಅವನನ್ನು ದೂರದ ಮೂಲೆಯಲ್ಲಿ ನಿಲ್ಲಿಸಿದರು ಎಂದು ಲಿಲ್ ನೆನೆದಿದ್ದಾಳೆ. ಅಷ್ಟು ದೂರ ನಿಲ್ಲಿಸಬೇಕಾದರೆ ಇವನು ಆಲಿವರ್‌ಗಿಂತ ದೊಡ್ಡ ಕಲಾವಿದನೇ ಸರಿ ಎಂದು ಅವಳ ಬುದ್ಧಿಗೆ ಹೊಳೆಯಿತು.

1924ರ ಫೆಬ್ರವರಿಯಲ್ಲಿ ಇಬ್ಬರಿಗೂ ಮದುವೆಯಾಯಿತು. ಎರಡನೇ ಕಾರ್ನೆಟ್ ಆಗಿ ಕೂರಬೇಡ, ಹೊರಗೆ ಬಾ ಎಂದು ಹಟ ಹಿಡಿದವಳು ಅವಳು. ಅವನು ನ್ಯೂಯಾರ್ಕಿಗೆ ಹೋಗಿ ಫ್ಲೆಚರ್ ಹೆಂಡರ್ಸನ್ ತಂಡದಲ್ಲಿ ಹೆಸರು ಮಾಡಿದ. 1925ರಲ್ಲಿ ಷಿಕಾಗೊಗೆ ಮರಳಿ ಬಂದು ನುಡಿಸಿದ್ದು ಯಾರ ತಂಡದಲ್ಲಿ? ಡ್ರೀಮ್‌ಲ್ಯಾಂಡ್ ಎಂಬಲ್ಲಿ ಲಿಲ್ ನಡೆಸುತ್ತಿದ್ದ ತಂಡದಲ್ಲಿ! ಅವನಿಗೆ ವಾರಕ್ಕೆ 75 ಡಾಲರ್ ಕೊಡಿಸಿ, ಜಗತ್ತಿನ ಅತ್ಯುತ್ತಮ ಟ್ರಂಪೆಟ್ ವಾದಕ ಎಂದು ಜಾಹೀರಾತು ಹಾಕಿಸಿದವಳೂ ಅವಳೇ. ಹಿಂದೆ ನಿಂತವರು ಹೀಗೆ ಮಾಡುತ್ತಾರೆಯೇ? ಇದನ್ನು ನಾವು ಯಜಮಾನಿಕೆ ಎನ್ನುತ್ತೇವೆ.

ಅದೇ ವರ್ಷ ನವೆಂಬರ್ 12ರಂದು ‘ಲೂಯಿ ಆರ್ಮ್‌ಸ್ಟ್ರಾಂಗ್ ಅಂಡ್ ಹಿಸ್ ಹಾಟ್ ಫೈವ್’ ಮೊದಲ ರೆಕಾರ್ಡುಗಳನ್ನು ಮಾಡಿತು. ಜಾಜ್ ಇತಿಹಾಸ ಬರೆಯುವವರೆಲ್ಲ ಈ ಸರಣಿಗೆ ಕೈಮುಗಿಯುತ್ತಾರೆ. ಐವರು ಕಲಾವಿದರು. ಪಿಯಾನೋ ಮುಂದೆ ಕೂತವಳು ಲಿಲ್. ಅಂದು ಮುದ್ರಿಸಿದ ‘ಮೈ ಹಾರ್ಟ್’ ಅವಳ ರಚನೆ. 1927ರ ‘ಸ್ಟ್ರಟಿನ್ ವಿತ್ ಸಮ್ ಬಾರ್ಬೆಕ್ಯೂ’ ಕೂಡ ಅವಳದೇ. ಅದರ ಹಕ್ಕಿಗಾಗಿ ಮುಂದೆ ಅವಳು ಹೋರಾಡಬೇಕಾಯಿತು.

ತೊಂಬತ್ತರ ದಶಕದಲ್ಲಿ ನನ್ನ ಸೋದರಮಾವನ ಮಗ ಈ ಹಾಟ್ ಫೈವ್ ಹಾಡುಗಳ ಒಂದು ಕ್ಯಾಸೆಟ್ ತಂದುಕೊಟ್ಟಿದ್ದ. ಹೊದಿಕೆಯ ಮೇಲೆ ಒಂದೇ ಮುಖ, ಲೂಯಿಯದು. ಒಳಗಿನ ಬರಹದಲ್ಲಿ ಲಿಲ್ ಬಗ್ಗೆ ಇದ್ದದ್ದು ಎರಡು ಸಾಲು: ಅವನ ಹೆಂಡತಿ, ಪಿಯಾನೋದಲ್ಲಿ ಸಾಧಾರಣ.

ಈ ‘ಸಾಧಾರಣ’ವನ್ನು ಸ್ವಲ್ಪ ವಿಚಾರಿಸಬೇಕು. 1928ರಲ್ಲಿ ಲೂಯಿ ಜೊತೆ ನುಡಿಸಿದ ಅರ್ಲ್ ಹೈನ್ಸ್ ಪಿಯಾನೋವನ್ನೇ ಟ್ರಂಪೆಟ್ಟಿನಂತೆ ಮಾತಾಡಿಸಿದ ಅಸಾಧಾರಣ ವಾದಕ. ಅದನ್ನು ನಾನು ಒಪ್ಪುತ್ತೇನೆ. ಆದರೆ ಲಿಲ್ ಪಳಗಿದ ಪರಂಪರೆಯೇ ಬೇರೆ. ನ್ಯೂ ಆರ್ಲಿಯನ್ಸ್ ಶೈಲಿಯಲ್ಲಿ ಎಲ್ಲರೂ ಒಟ್ಟಿಗೆ ಮನೋಧರ್ಮ ನುಡಿಸುತ್ತಾರೆ. ಕಾರ್ನೆಟ್ ಹಾಡನ್ನು ನಡೆಸುತ್ತದೆ, ಅದರ ಮೇಲೆ ಕ್ಲಾರಿನೆಟ್ ಬಳ್ಳಿಯಂತೆ ಹಬ್ಬುತ್ತದೆ, ಕೆಳಗೆ ಟ್ರಾಂಬೋನ್ ಜಾರುತ್ತದೆ. ಇವರೆಲ್ಲ ಇಷ್ಟಬಂದಂತೆ ಅಲೆದಾಡಿ ಮತ್ತೆ ಮನೆಗೆ ಬರಬೇಕಾದರೆ ಯಾರಾದರೂ ಮನೆಯಲ್ಲಿ ಇರಬೇಕಲ್ಲ? ಆ ಕೆಲಸ ಪಿಯಾನೋ ಮತ್ತು ಬ್ಯಾಂಜೋದ್ದು. ನಾಲ್ಕು ಪೆಟ್ಟು, ಮತ್ತೆ ನಾಲ್ಕು ಪೆಟ್ಟು. ನಮ್ಮ ಕಛೇರಿಯಲ್ಲಿ ಶ್ರುತಿ, ತಾಳ ಹಿಡಿದವರಿಗೆ ಈ ಕಷ್ಟ ಗೊತ್ತು. ಲಿಲ್ ಒಮ್ಮೆ ಆಸೆಯಿಂದ ಬಲಗೈಯಲ್ಲಿ ಸ್ವರಗಳನ್ನು ಓಡಿಸಿದಾಗ, ನಮ್ಮಲ್ಲಿ ಆಗಲೇ ಒಂದು ಕ್ಲಾರಿನೆಟ್ ಇದೆ ಎಂದು ಆಲಿವರ್ ಗದರಿದನಂತೆ. ನೋಡಿ ಅನ್ಯಾಯ! ಅಲಂಕಾರ ಮಾಡಬೇಡ ಎಂದು ಕಟ್ಟಿಹಾಕಿದವರೂ ಅವರೇ, ಅಲಂಕಾರವಿಲ್ಲ ಎಂದು ಅಂಕ ಕಳೆದವರೂ ಅವರ ಕಡೆಯವರೇ. ಉಪ್ಪು ಕಡಿಮೆ ಹಾಕು ಎಂದು ಹೇಳಿ, ಊಟಕ್ಕೆ ಕೂತ ಮೇಲೆ ಸೊಸೆಯ ಸಾರು ಸಪ್ಪೆ ಎನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಲಿಲ್ ಒಬ್ಬಳ ಕಥೆ ಇದಲ್ಲ. ಮೇರಿ ಲೂ ವಿಲಿಯಮ್ಸ್ ಎಂಬಾಕೆ ಆ್ಯಂಡಿ ಕರ್ಕ್ ತಂಡಕ್ಕೆ ಬಂದದ್ದು ಅಲ್ಲಿನ ಸ್ಯಾಕ್ಸೋಫೋನ್ ವಾದಕನ ಹೆಂಡತಿಯಾಗಿ. 1929ರಲ್ಲಿ ತಂಡದ ಪಿಯಾನೋದವನು ರೆಕಾರ್ಡಿಂಗಿಗೆ ಬರಲಿಲ್ಲ, ಆಕೆಯನ್ನು ಕೂರಿಸಿದರು. ಸ್ವಲ್ಪ ಕಾಲದಲ್ಲೇ ಆ ತಂಡದ ಸಂಗೀತವೆಲ್ಲ ಅವಳ ಲೇಖನಿಯಿಂದ ಬರತೊಡಗಿತು. ಬೆನ್ನಿ ಗುಡ್‌ಮನ್, ಡ್ಯೂಕ್ ಎಲಿಂಗ್ಟನ್‌ರಂಥವರೂ ಅವಳಿಂದ ಬರೆಸಿಕೊಂಡರು. ಅವಳಿಗೆ ಸಿಕ್ಕ ದೊಡ್ಡ ಹೊಗಳಿಕೆ ಯಾವುದು ಗೊತ್ತೇ? ಗಂಡಸಿನ ಹಾಗೆ ನುಡಿಸುತ್ತಾಳೆ! ಎರಡನೇ ಮಹಾಯುದ್ಧದ ಕಾಲದಲ್ಲಿ ‘ಇಂಟರ್‌ನ್ಯಾಷನಲ್ ಸ್ವೀಟ್‌ಹಾರ್ಟ್ಸ್ ಆಫ್ ರಿದಮ್’ ಎಂಬ ಹೆಂಗಸರ ತಂಡ ಊರೂರು ತಿರುಗಿ ಸಭಾಂಗಣ ತುಂಬಿಸಿತು. ಕಪ್ಪು ಬಿಳಿಯರು ಒಟ್ಟಿಗೆ ಇರಬಾರದೆಂಬ ಕಾನೂನಿದ್ದ ದಕ್ಷಿಣದ ರಾಜ್ಯಗಳಲ್ಲಿ, ತಂಡದ ಬಿಳಿ ಹುಡುಗಿಯರು ಮುಖಕ್ಕೆ ಕಪ್ಪು ಬಣ್ಣ ಬಳಿದುಕೊಂಡು ಪೊಲೀಸರ ಕಣ್ಣು ತಪ್ಪಿಸುತ್ತಿದ್ದರು. ಇಷ್ಟು ಗಟ್ಟಿಗಿತ್ತಿಯರು ಜಾಜ್ ಪುಸ್ತಕಗಳಲ್ಲಿ ಬಹುಕಾಲ ಅಡಿಟಿಪ್ಪಣಿಯಾಗಿ ಉಳಿದರು.

ಕಾಲ ಬದಲಾಗಿಲ್ಲವೇ ಎಂದು ನೀವು ಕೇಳಬಹುದು. ಕೊಂಚ ಬದಲಾಗಿದೆ, ಆದರೆ ತಾನಾಗಿ ಅಲ್ಲ. ಜಪಾನಿನಿಂದ ಅಮೆರಿಕಕ್ಕೆ ಬಂದ ಪಿಯಾನೋ ವಾದಕಿ ತೋಷಿಕೊ ಅಕಿಯೋಷಿ 1973ರಲ್ಲಿ ಪತಿ ಲ್ಯೂ ಟಬಾಕಿನ್ ಜೊತೆ ದೊಡ್ಡ ತಂಡ ಕಟ್ಟಿದಾಗ, ರೆಕಾರ್ಡಿನ ಮೇಲೆ ಮೊದಲು ಬಂದದ್ದು ಅವಳ ಹೆಸರು. ಸಂಗೀತ ರಚಿಸುವವಳು ಅವಳು, ಹೆಸರು ಮುಂದೆ ಬಂದದ್ದು ನ್ಯಾಯವೇ. ತೋಷಿಕೊಳ ಮೊದಲ ಪತಿ, ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ, 1983ರಲ್ಲಿ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ಮಾಡಿದರು. ಜಾಜ್ ಕೇಳುವ ಯುರೋಪಿನ ಜನ ಅದನ್ನು ಇಷ್ಟಪಟ್ಟರು. ಅದರಲ್ಲಿ ಹಾಡಿದವರು ಬೆಂಗಳೂರಿನ ಆರ್.ಎ. ರಮಾಮಣಿ. ಈ ಹೆಸರು ನಮ್ಮ ಎಷ್ಟು ಮನೆಗಳಲ್ಲಿ ಗೊತ್ತಿದೆ? ನಮ್ಮವರ ಹೆಸರು ನಾವೇ ಹೇಳದಿದ್ದರೆ ಷಿಕಾಗೊದವರನ್ನು ಬೈದು ಏನು ಪ್ರಯೋಜನ?

ಲಿಲ್ ಮತ್ತು ಲೂಯಿ 1938ರಲ್ಲಿ ವಿಚ್ಛೇದನ ಪಡೆದರು. ಮುಂದೆ ಆಕೆ ಹೊಲಿಗೆ ಕಲಿತು, ಲೂಯಿಗೇ ಒಂದು ಸೂಟು ಹೊಲಿದುಕೊಟ್ಟಳು. ಮದುವೆಯ ಆ ದಿನಗಳಲ್ಲಿ ತಾನು ಏಣಿಯ ಬುಡ ಹಿಡಿದು ನಿಂತು, ಅವನು ಹತ್ತುವುದನ್ನು ನೋಡುತ್ತಿದ್ದೆ ಎಂಬರ್ಥದ ಮಾತನ್ನು ಅವಳೇ ಆಡಿದ್ದುಂಟು. ಅದು ಅವಳ ದೊಡ್ಡತನ. ಅದನ್ನೇ ಹಿಡಿದುಕೊಂಡು ಅವಳನ್ನು ಏಣಿಯ ಬುಡದಲ್ಲೇ ಬಿಟ್ಟದ್ದು ಚರಿತ್ರೆಕಾರರ ಸಣ್ಣತನ. 1971ರ ಜುಲೈಯಲ್ಲಿ ಲೂಯಿ ತೀರಿಕೊಂಡ. ಮುಂದಿನ ತಿಂಗಳು ಷಿಕಾಗೊದಲ್ಲಿ ಅವನ ನೆನಪಿನ ಕಛೇರಿಯಲ್ಲಿ ಪಿಯಾನೋ ನುಡಿಸುತ್ತಿದ್ದ ಲಿಲ್ ಅಲ್ಲೇ ಕುಸಿದು ಪ್ರಾಣ ಬಿಟ್ಟಳು. ಇದನ್ನೂ ‘ಪತಿಯನ್ನು ಹಿಂಬಾಲಿಸಿದಳು’ ಎಂದು ಕಣ್ಣೀರು ಹಾಕುವವರಿದ್ದಾರೆ. ವಿಚ್ಛೇದನವಾಗಿ 33 ವರ್ಷ ಕಳೆದಿತ್ತು, ಸ್ವಾಮಿ! 73 ವರ್ಷದ ಕಲಾವಿದೆಯೊಬ್ಬಳು ಕೆಲಸದ ಮೇಲಿದ್ದಾಗ ಸತ್ತಳು ಎಂದು ಬರೆಯಿರಿ.

ಇನ್ನು ಮುಂದೆ ಯಾವ ಸಭೆಯಲ್ಲಾದರೂ ಯಾರಾದರೂ ‘ಇವರ ಹಿಂದೆ ಒಬ್ಬ ಸ್ತ್ರೀ’ ಎಂದು ಶುರುಮಾಡಿದರೆ ನಾವು ಚಪ್ಪಾಳೆ ತಟ್ಟುವುದು ಬೇಡ. ಆಕೆಯ ಹೆಸರೇನು, ಆಕೆ ಮಾಡಿದ ಕೆಲಸ ಯಾವುದು, ಅದಕ್ಕೆ ಎಷ್ಟು ಕೊಟ್ಟಿರಿ ಎಂದು ಕೂತಲ್ಲಿಂದಲೇ ಕೇಳೋಣ. ಉತ್ತರ ಬಂದ ಮೇಲೆ ತಟ್ಟಿದರಾಯಿತು.